ಕಪ್ಪೆಯ ಚರ್ಮಕ್ಕೂ ಕೋಳಿಯ ಔಷಧಿಗೂ ಏನು ನಂಟು?

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಸೀಕೆರೆ ಕಡೆಯ ಊರುಗಳಲ್ಲಿ ದಿನಾ ಡೈರಿಗೆ ಹಾಲು ಹಾಕುವವರ ಕಿವಿಗೆ ಈಗ ಎರಡು ಬಗೆಯ ಸುದ್ದಿ ಬೀಳುತ್ತಿದೆ. ಮೊದಲನೆಯದು ಕಟ್ಟುನಿಟ್ಟಿನ ಸುದ್ದಿ. ಹಾಲು, ಮಾಂಸ, ಮೊಟ್ಟೆ, ಮೀನುಗಳಲ್ಲಿ ಆ್ಯಂಟಿಬಯಾಟಿಕ್ ಎಷ್ಟು ಉಳಿದಿರಬಹುದು, ಯಾವುದನ್ನು ಬಳಸಲೇಬಾರದು ಎಂಬ ಬಗ್ಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಬಿಗಿಯಾದ ನಿಯಮ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಔಷಧಿಗೆ ಬಗ್ಗದ ರೋಗಾಣುಗಳ ವಿರುದ್ಧ ಎರಡನೇ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನೂ ಪ್ರಕಟಿಸಿತು.

ಎರಡನೆಯದು ಭರವಸೆಯ ಸುದ್ದಿ. ಕಪ್ಪೆಯ ಚರ್ಮದಲ್ಲಿ ರೋಗಾಣು ಕೊಲ್ಲುವ ಪೆಪ್ಟೈಡ್ ಎಂಬ ಗಿಡ್ಡ ಪ್ರೋಟೀನು ಇದೆಯಂತೆ. ಸಾವಿರಾರು ವರ್ಷಗಳ ಹಿಂದೆ ಅಳಿದುಹೋದ ಮ್ಯಾಮತ್ ಎಂಬ ರೋಮದ ಆನೆಯ ವಂಶವಾಹಿಯಿಂದ ಕಂಪ್ಯೂಟರು ಹೊಸ ಪೆಪ್ಟೈಡುಗಳನ್ನು ಹುಡುಕಿದೆಯಂತೆ. ಇವು ಬ್ಯಾಕ್ಟೀರಿಯಾದ ಪೊರೆಯನ್ನೇ ಹರಿಯುವುದರಿಂದ ಅದಕ್ಕೆ ಒಗ್ಗಿಕೊಳ್ಳಲು ಅವಕಾಶವೇ ಇಲ್ಲವಂತೆ. ಸುದ್ದಿವಾಹಿನಿಯಲ್ಲಿ ಎರಡು ನಿಮಿಷ ಬಂದುಹೋಗುವ ಈ ಮಾತು ವಾಟ್ಸ್‌ಆ್ಯಪಿನಲ್ಲಿ ಎರಡು ತಿಂಗಳು ಓಡಾಡುತ್ತದೆ.

ಎರಡನ್ನೂ ಕೇಳಿದವರಿಗೆ ಗೊಂದಲವಾಗುವುದು ಸಹಜ. ಯಾವ ರೋಗಾಣುವೂ ಎದುರಿಸಲಾರದ ಔಷಧಿ ಬರುತ್ತಿದೆ ಎಂದಾದರೆ ಹಳೆಯ ಔಷಧಿಯ ಮೇಲೆ ಇಷ್ಟು ಕಾವಲೇಕೆ? ಕೊಟ್ಟಿಗೆಯಲ್ಲಿ ಬಳಸಿದ್ದಕ್ಕೂ ಆಸ್ಪತ್ರೆಯಲ್ಲಿ ಔಷಧಿ ಕೆಲಸ ಮಾಡದಿರುವುದಕ್ಕೂ ಏನು ಸಂಬಂಧ?

ಇವು ಎರಡು ಬೇರೆ ಬೇರೆ ಸುದ್ದಿಗಳಲ್ಲ. ಕೋಳಿಗೆ, ಹಂದಿಗೆ ದಶಕಗಳ ಕಾಲ ಮೇವಿನಲ್ಲಿ ಬೆರೆಸಿ ಕೊಟ್ಟು, ನಮ್ಮ ದೇಶದಲ್ಲಿ 2019ರಲ್ಲಿ ನಿಷೇಧವಾದ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಕೂಡ ಪೊರೆ ಹರಿಯುವ ಪೆಪ್ಟೈಡೇ. ಕಪ್ಪೆಯ ಚರ್ಮದಲ್ಲಿರುವುದೂ ನಮ್ಮ ದೇಹ ತಾನೇ ತಯಾರಿಸಿಕೊಳ್ಳುವುದೂ ಅದಕ್ಕೆ ದಾಯಾದಿಗಳು. ಪೊರೆ ಹೇಗೆ ಹರಿಯುತ್ತದೆ ಎಂಬುದು ಅರ್ಥವಾದರೆ ಹಳೆಯದರ ದುರ್ಬಳಕೆ ಹೊಸದನ್ನು ಬರುವ ಮೊದಲೇ ಮೊಂಡು ಮಾಡುವುದು ಹೇಗೆ ಎಂಬುದೂ ಅರ್ಥವಾಗುತ್ತದೆ.

ಗಿಣ್ಣಿನಿಂದ ಕಪ್ಪೆಯವರೆಗೆ

ಪ್ರೋಟೀನು ಎಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಉದ್ದನೆಯ ಸರ. ಅದೇ ಸರ ಗಿಡ್ಡದಾಗಿದ್ದರೆ ಪೆಪ್ಟೈಡ್. ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡುಗಳಲ್ಲಿ ಹೆಚ್ಚಿನವು 10ರಿಂದ 50 ಅಮೈನೋ ಆಮ್ಲಗಳಷ್ಟು ಉದ್ದ ಇರುತ್ತವೆ.

ಇವು ಹೊಸ ಸಂಶೋಧನೆಯೇನಲ್ಲ. ಪೆನಿಸಿಲಿನ್ ಇನ್ನೂ ರೋಗಿಗಳ ಕೈಗೆ ಬರುವ ಮೊದಲೇ, 1939ರಲ್ಲಿ, ರೆನೆ ಡುಬೋ ಮಣ್ಣಿನ ಬ್ಯಾಕ್ಟೀರಿಯಾದಿಂದ ಗ್ರ್ಯಾಮಿಸಿಡಿನ್ ತೆಗೆದಿದ್ದರು. 1980ರ ಆಸುಪಾಸಿನಲ್ಲಿ ಸ್ವೀಡನ್ನಿನ ಹಾನ್ಸ್ ಬೊಮನ್ ತಂಡ ಕಾಡುರೇಷ್ಮೆಯ ಒಂದು ಪತಂಗದ ಕೋಶಾವಸ್ಥೆಯಲ್ಲಿ ಸೆಕ್ರೊಪಿನ್ ಎಂಬ ಪೆಪ್ಟೈಡ್ ಕಂಡುಹಿಡಿಯಿತು. ಹಿಪ್ಪುನೇರಳೆ ತಿನ್ನುವ ನಮ್ಮ ರೇಷ್ಮೆಹುಳುವಿನಲ್ಲೂ ಅದೇ ಕುಟುಂಬದ ಪೆಪ್ಟೈಡುಗಳಿವೆ. 1987ರಲ್ಲಿ ಅಮೆರಿಕದ ಮೈಕೆಲ್ ಝಾಸ್ಲಾಫ್ ಒಂದು ವಿಚಿತ್ರವನ್ನು ಗಮನಿಸಿದರು. ಶಸ್ತ್ರಚಿಕಿತ್ಸೆ ಮಾಡಿ ಹೊಲಿಗೆ ಹಾಕಿದ ಆಫ್ರಿಕಾದ ಕಪ್ಪೆಗಳನ್ನು ಕೊಳಕು ನೀರಿನ ತೊಟ್ಟಿಗೆ ಬಿಟ್ಟರೂ ಗಾಯ ಕೀವಾಗುತ್ತಿರಲಿಲ್ಲ. ಚರ್ಮದಲ್ಲಿ ಹುಡುಕಿದಾಗ 23 ಅಮೈನೋ ಆಮ್ಲಗಳ ಎರಡು ಪೆಪ್ಟೈಡುಗಳು ಸಿಕ್ಕವು. ಗುರಾಣಿ ಎಂಬರ್ಥದ ಹೀಬ್ರೂ ಮಾತಿನಿಂದ ಅವುಗಳಿಗೆ ಮ್ಯಾಗೈನಿನ್ ಎಂದು ಹೆಸರಿಟ್ಟರು.

ನಮ್ಮ ಕೊಟ್ಟಿಗೆಯಲ್ಲೂ ಇವು ಇವೆ. ಹಸುವಿನ ಶ್ವಾಸನಾಳದ ಒಳಪದರದಿಂದ 1991ರಲ್ಲಿ ಇಂಥದೊಂದು ಪೆಪ್ಟೈಡ್ ಸಿಕ್ಕಿತು, ಆಮೇಲೆ ಹಸುವಿನ ನಾಲಿಗೆಯಲ್ಲಿ ಮತ್ತೊಂದು. ಕೆಚ್ಚಲು ಬಾವು ಬಂದಾಗ ಈ ನಾಲಿಗೆಯ ಪೆಪ್ಟೈಡನ್ನು ಕೆಚ್ಚಲಿನ ಅಂಗಾಂಶವೂ ತಯಾರಿಸುತ್ತದೆ. ಕರು ಹಾಕಿದ ಹೊಸತರಲ್ಲಿ ಬರುವ ಗಿಣ್ಣುಹಾಲಿನಲ್ಲಿ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನು ಧಾರಾಳವಾಗಿರುತ್ತದೆ. ಹೊಟ್ಟೆಯ ಪೆಪ್ಸಿನ್ ಅದನ್ನು ಕತ್ತರಿಸಿದಾಗ ಹೊರಬರುವ 25 ಅಮೈನೋ ಆಮ್ಲಗಳ ತುಂಡು, ಮೂಲ ಪ್ರೋಟೀನಿಗಿಂತ ಚುರುಕಾಗಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಮನುಷ್ಯರಲ್ಲಿ ಎಲ್‌ಎಲ್-37 ಎಂಬುದಿದೆ. ಹೆಸರೇ ಹೇಳುವಂತೆ 37 ಅಮೈನೋ ಆಮ್ಲಗಳದ್ದು. ಚರ್ಮ, ಶ್ವಾಸಕೋಶ, ಬಿಳಿ ರಕ್ತಕಣಗಳಲ್ಲಿ ಅದು ಸದಾ ಕಾವಲಿರುತ್ತದೆ.

ಪಶ್ಚಿಮ ಘಟ್ಟದ ಕಪ್ಪೆಗಳೂ ಈ ಪಟ್ಟಿಯಲ್ಲಿವೆ. ಹೈಡ್ರೊಫಿಲ್ಯಾಕ್ಸ್ ಬಹುವಿಸ್ತಾರ ಎಂಬ ಕಪ್ಪೆಯ ಚರ್ಮದಿಂದ ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ ಮತ್ತು ಅಮೆರಿಕದ ಎಮರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪಡೆದ ಉರುಮಿನ್ ಎಂಬ ಪೆಪ್ಟೈಡ್, ಕೆಲವು ಬಗೆಯ ಫ್ಲೂ ವೈರಸ್ಸನ್ನು ನಾಶ ಮಾಡುತ್ತದೆ ಎಂದು 2017ರಲ್ಲಿ ವರದಿಯಾಯಿತು. ಬಳ್ಳಿಯಂತೆ ಬಾಗುವ ಉರುಮಿ ಕತ್ತಿಯ ಹೆಸರು ಅದಕ್ಕೆ. ಪಕ್ಕದ ಚಿಕ್ಕಮಗಳೂರಿನ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತು, 1937ರಲ್ಲಿ ಸಿ.ಆರ್. ನಾರಾಯಣ ರಾವ್ ಅವರಿಂದ ವಿಜ್ಞಾನಕ್ಕೆ ಪರಿಚಯವಾದ ಕುಣಿಯುವ ಕಪ್ಪೆ ಇಂದು ಅಳಿವಿನ ಭೀತಿಯಲ್ಲಿದೆ. ಒಂದೊಂದು ಜಾತಿಯ ಕಪ್ಪೆಗೂ ತನ್ನದೇ ಪೆಪ್ಟೈಡುಗಳ ಗಂಟು ಇರುತ್ತದೆ. ಜಾತಿ ಅಳಿದರೆ ಗಂಟೂ ಹೋಯಿತು. ಒಂದು ಮಾತು ಸ್ಪಷ್ಟವಾಗಿರಲಿ. ಕಪ್ಪೆಯನ್ನು ಹಿಡಿದು ಗಾಯಕ್ಕೆ ಉಜ್ಜುವುದು ಔಷಧಿಯಲ್ಲ, ಕಪ್ಪೆಯ ಚರ್ಮದಲ್ಲಿ ವಿಷವೂ ಇರುತ್ತದೆ. ಪ್ರಯೋಗಾಲಯದವರು ಅದರ ಅಮೈನೋ ಆಮ್ಲಗಳ ಕ್ರಮವನ್ನು ಓದಿಕೊಂಡು ಹೊಸದಾಗಿ ತಯಾರಿಸುತ್ತಾರೆ.

ಬೆಣ್ಣೆ ಕಡೆಯುವವರಿಗೆ ಪೊರೆ ಹೊಸದಲ್ಲ

ಹಾಲಿನಲ್ಲಿರುವ ಕೊಬ್ಬು ಏಕೆ ಎಣ್ಣೆಯ ಹಾಗೆ ಒಟ್ಟಾಗಿ ಮೇಲೆ ತೇಲದೆ ಸಣ್ಣ ಸಣ್ಣ ಕಣಗಳಾಗಿ ಉಳಿಯುತ್ತದೆ? ಪ್ರತಿ ಕಣದ ಸುತ್ತ ಫಾಸ್ಫೋಲಿಪಿಡ್ ಎಂಬ ವಸ್ತುವಿನ ತೆಳು ಪೊರೆ ಇರುವುದರಿಂದ. ಕಡೆಗೋಲು ಆಡಿಸಿದಾಗ ಆ ಪೊರೆ ಹರಿಯುತ್ತದೆ, ಒಳಗಿನ ಕೊಬ್ಬು ಒಂದಕ್ಕೊಂದು ಅಂಟಿ ಬೆಣ್ಣೆಯಾಗುತ್ತದೆ. ಮಜ್ಜಿಗೆಯ ಮೇಲೆ ಬೆಣ್ಣೆ ತೇಲಿತು ಎಂದರೆ ಕೋಟ್ಯಂತರ ಪೊರೆಗಳು ಒಡೆದವು ಎಂದೇ ಅರ್ಥ.

ಬ್ಯಾಕ್ಟೀರಿಯಾದ ಪೊರೆಯ ಮುಖ್ಯ ಸಾಮಗ್ರಿಯೂ ಫಾಸ್ಫೋಲಿಪಿಡ್ಡೇ. ಅದರ ಒಂದೊಂದು ಅಣುವಿಗೂ ನೀರನ್ನು ಇಷ್ಟಪಡುವ ತಲೆ, ನೀರಿಗೆ ಸೇರದ ಎಣ್ಣೆಯಂಥ ಎರಡು ಬಾಲ. ಅವು ಎರಡು ಸಾಲಾಗಿ, ಬಾಲಕ್ಕೆ ಬಾಲ ಎದುರಾಗಿ ನಿಲ್ಲುತ್ತವೆ. ತಲೆಗಳು ಹೊರಗಿನ ನೀರಿಗೂ ಒಳಗಿನ ನೀರಿಗೂ ಮುಖ ಮಾಡಿದರೆ ಬಾಲಗಳು ನಡುವೆ ಅಡಗುತ್ತವೆ. ಇಡೀ ಪೊರೆಯ ದಪ್ಪ 4ರಿಂದ 5 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವುದು ಒಂದು ನ್ಯಾನೋಮೀಟರ್.

ಇಷ್ಟು ತೆಳುವಾದ ಪೊರೆಯ ಕೆಲಸ ಒಳಗಿನದನ್ನು ಕಟ್ಟಿಡುವುದಷ್ಟೇ ಅಲ್ಲ. ಅದು ಕೆರೆಯ ಏರಿ ಇದ್ದಂತೆ. ಏರಿ ನೀರನ್ನು ಒಂದು ಕಡೆ ತಡೆದು ನಿಲ್ಲಿಸುವುದರಿಂದಲೇ ತೂಬಿನಲ್ಲಿ ನೀರು ರಭಸದಿಂದ ಹರಿದು ಗದ್ದೆ ತಲುಪುತ್ತದೆ. ಬ್ಯಾಕ್ಟೀರಿಯಾ ಧನಾವೇಶದ ಪ್ರೋಟಾನುಗಳನ್ನು ಪೊರೆಯ ಹೊರಕ್ಕೆ ತಳ್ಳಿ ಅಲ್ಲಿ ಕೂಡಿಹಾಕುತ್ತದೆ. ಅವು ಪೊರೆಯಲ್ಲೇ ಕೂಡಿಸಿದ ಒಂದು ಪ್ರೋಟೀನು ಯಂತ್ರದ ಮೂಲಕ ಒಳಗೆ ನುಗ್ಗುವಾಗ ಆ ಯಂತ್ರ ತಿರುಗಿ ಎಟಿಪಿ ಎಂಬ ಶಕ್ತಿಯ ನಾಣ್ಯ ಹುಟ್ಟುತ್ತದೆ. ಏರಿ ಒಡೆದ ದಿನ ಕೆರೆಯೂ ಇಲ್ಲ, ತೂಬಿನ ರಭಸವೂ ಇಲ್ಲ. ಪೊರೆಯಲ್ಲಿ ತೂತು ಬಿದ್ದರೆ ಆಗುವುದೂ ಅದೇ. ಒಳಗಿನ ಪೊಟ್ಯಾಸಿಯಂ ಸೋರುತ್ತದೆ, ಪ್ರೋಟಾನುಗಳ ಒತ್ತಡ ಇಳಿಯುತ್ತದೆ, ಎಟಿಪಿ ನಿಲ್ಲುತ್ತದೆ. ಅನೇಕ ಪೆಪ್ಟೈಡುಗಳು ಬ್ಯಾಕ್ಟೀರಿಯಾವನ್ನು ನಿಮಿಷಗಳಲ್ಲಿ ಕೊಲ್ಲುವುದಕ್ಕೆ ಇದೇ ಕಾರಣ. ಹೊಸ ಗೋಡೆ ಕಟ್ಟುವುದನ್ನು ತಡೆಯುವ ಪೆನಿಸಿಲಿನ್ ತನ್ನ ಕೆಲಸ ಮುಗಿಸಲು ಬ್ಯಾಕ್ಟೀರಿಯಾ ಬೆಳೆಯುವ ತನಕ ಕಾಯಬೇಕು. ಏರಿ ಒಡೆಯುವವನಿಗೆ ಕಾಯುವ ಅಗತ್ಯವಿಲ್ಲ.

ನಮ್ಮ ಕೋಶ ಬಿಟ್ಟು ಅದಕ್ಕೇ ಏಕೆ ಅಂಟುತ್ತದೆ?

ನಮ್ಮ ಜೀವಕೋಶಗಳಿಗೂ ಪೊರೆ ಇದೆ, ಅದೂ ಫಾಸ್ಫೋಲಿಪಿಡ್ಡಿನದೇ. ಹಾಗಿದ್ದೂ ಎಲ್‌ಎಲ್-37 ನಮ್ಮನ್ನು ಬಿಟ್ಟು ಬ್ಯಾಕ್ಟೀರಿಯಾದ ಮೇಲೆ ಬೀಳುವುದೇಕೆ?

ಉತ್ತರ ವಿದ್ಯುತ್ತಿನಲ್ಲಿದೆ. ಈ ಪೆಪ್ಟೈಡುಗಳಲ್ಲಿ ಲೈಸೀನ್, ಆರ್ಜಿನೀನ್ ಎಂಬ ಧನಾವೇಶದ ಅಮೈನೋ ಆಮ್ಲಗಳು ಹೆಚ್ಚು. ಬ್ಯಾಕ್ಟೀರಿಯಾದ ಪೊರೆಯಲ್ಲಿ ಋಣಾವೇಶದ ತಲೆ ಇರುವ ಫಾಸ್ಫಟಿಡೈಲ್‌ಗ್ಲಿಸರಾಲ್, ಕಾರ್ಡಿಯೊಲಿಪಿನ್‌ಗಳು ಹೇರಳ. ಧನಕ್ಕೆ ಋಣದ ಸೆಳೆತ, ಹಾಗಾಗಿ ಪೆಪ್ಟೈಡ್ ಅಲ್ಲಿ ಹೋಗಿ ಕೂರುತ್ತದೆ. ನಮ್ಮ ಕೋಶದ ಹೊರಮೈಯಲ್ಲಿರುವ ಫಾಸ್ಫೋಲಿಪಿಡ್ಡುಗಳ ತಲೆಯಲ್ಲಿ ಧನ, ಋಣ ಎರಡೂ ಇದ್ದು ಒಂದನ್ನೊಂದು ಸರಿದೂಗಿಸುತ್ತವೆ. ಋಣಾವೇಶದ ಅಣುಗಳು ನಮ್ಮಲ್ಲೂ ಇವೆ, ಆದರೆ ಅವನ್ನು ಕೋಶ ಒಳಮೈಯಲ್ಲಿ ಇಟ್ಟುಕೊಂಡಿರುತ್ತದೆ. ಜೊತೆಗೆ ನಮ್ಮ ಪೊರೆಯಲ್ಲಿ ಕೊಲೆಸ್ಟರಾಲ್ ಇದೆ. ಕೊಲೆಸ್ಟರಾಲ್ ಎಂದರೆ ಬೈಯುವುದೇ ರೂಢಿಯಾಗಿದೆ, ಆದರೆ ಇಲ್ಲಿ ಅದು ಪೊರೆಯನ್ನು ಬಿಗಿಯಾಗಿ ಹಿಡಿದು ಪೆಪ್ಟೈಡ್ ನುಗ್ಗದಂತೆ ಕಾಯುತ್ತದೆ. ಬ್ಯಾಕ್ಟೀರಿಯಾದಲ್ಲಿ ಕೊಲೆಸ್ಟರಾಲ್ ಸಾಮಾನ್ಯವಾಗಿ ಇಲ್ಲ.

ಬ್ಯಾಕ್ಟೀರಿಯಾಗಳಲ್ಲೂ ಎರಡು ಪಂಗಡ. ಕೆಚ್ಚಲು ಬಾವು ತರುವ ಸ್ಟೆಫೈಲೊಕಾಕಸ್ ಆರಿಯಸ್‌ಗೆ ಒಂದೇ ಪೊರೆ, ಅದರ ಹೊರಗೆ ದಪ್ಪ ಗೋಡೆ. ಅದೇ ಬಾವಿಗೆ ಕಾರಣವಾಗುವ ಇ. ಕೊಲಿಗೆ ತೆಳು ಗೋಡೆ, ಆದರೆ ಅದರಾಚೆ ಮತ್ತೊಂದು ಹೊರಪೊರೆ. ಆ ಹೊರಪೊರೆಯ ಮೇಲ್ಮೈಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ದೊಡ್ಡ ಅಣುಗಳು ಒತ್ತೊತ್ತಾಗಿ ನಿಂತಿರುತ್ತವೆ. ಎಲ್ಲವೂ ಋಣಾವೇಶದವು, ಹಾಗಾಗಿ ಒಂದನ್ನೊಂದು ದೂಡಬೇಕಿತ್ತು. ನಡುವೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳು ಕೊಂಡಿಯಾಗಿ ನಿಂತು ಅವನ್ನು ಹಿಡಿದಿಟ್ಟಿವೆ. ಧನಾವೇಶ ಹೆಚ್ಚಿರುವ ಪೆಪ್ಟೈಡ್ ಬಂದು ಈ ಕೊಂಡಿಗಳನ್ನು ಎಬ್ಬಿಸಿ ಅವುಗಳ ಜಾಗದಲ್ಲಿ ತಾನು ಕೂರುತ್ತದೆ. ಮೆಗ್ನೀಸಿಯಂ ಪುಟ್ಟದು, ಪೆಪ್ಟೈಡ್ ದೊಡ್ಡದು. ಆ ಜಾಗದಲ್ಲಿ ಅದು ಹಿಡಿಸದೆ ಹೊರಪೊರೆ ಸಡಿಲಗೊಂಡು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲೇ ಇನ್ನಷ್ಟು ಪೆಪ್ಟೈಡುಗಳು ಒಳಗಿನ ಪೊರೆಯ ಕಡೆ ನುಗ್ಗುತ್ತವೆ. ಈ ಕೊಂಡಿಯ ವಿಷಯ ನೆನಪಿನಲ್ಲಿರಲಿ, ಕೊಲಿಸ್ಟಿನ್ ಕಥೆಯಲ್ಲಿ ಮತ್ತೆ ಬರುತ್ತದೆ.

ತೂತು ಬೀಳುವ ಬಗೆ

ನೀರಿನಲ್ಲಿ ತೇಲುವಾಗ ಮ್ಯಾಗೈನಿನ್‌ನಂಥ ಪೆಪ್ಟೈಡಿಗೆ ಇಂಥದೇ ಎಂಬ ಆಕಾರವಿಲ್ಲ, ಬಿಚ್ಚಿದ ದಾರದ ಹಾಗಿರುತ್ತದೆ. ಪೊರೆಗೆ ತಾಗಿದೊಡನೆ ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯ ಒಂದು ಮಗ್ಗುಲಿಗೆ ಧನಾವೇಶದ ಅಮೈನೋ ಆಮ್ಲಗಳೆಲ್ಲ ಸೇರಿದರೆ ಇನ್ನೊಂದು ಮಗ್ಗುಲಿಗೆ ಎಣ್ಣೆಯ ಗುಣದವು ಸೇರುತ್ತವೆ. ಪೊರೆಯಲ್ಲೂ ನೀರಿನ ತಲೆ, ಎಣ್ಣೆಯ ಬಾಲ ಇವೆಯಲ್ಲ. ಇಬ್ಬಗೆಯ ಸುರುಳಿಗೆ ಇಬ್ಬಗೆಯ ಪೊರೆ ಸರಿಯಾಗಿ ಒದಗುತ್ತದೆ.

ಮೊದಮೊದಲು ಸುರುಳಿಗಳು ಪೊರೆಯ ಮೇಲೆ ಅಡ್ಡಲಾಗಿ ಮಲಗುತ್ತವೆ. ತಲೆಗಳ ನಡುವೆ ಜಾಗ ಮಾಡಿಕೊಂಡು ಕೂತದ್ದರಿಂದ ಅಲ್ಲಿ ಪೊರೆ ಹಿಗ್ಗಿ ತೆಳುವಾಗುತ್ತದೆ. ಆದರೂ ಒಂದು ಮಟ್ಟದವರೆಗೆ ಏನೂ ಆಗುವುದಿಲ್ಲ. ಪೆಪ್ಟೈಡುಗಳ ಸಂಖ್ಯೆ ಒಂದು ಹೊಸ್ತಿಲು ದಾಟಿದಾಗ ಇದ್ದಕ್ಕಿದ್ದಂತೆ ಪೊರೆ ಸೋಲುತ್ತದೆ. ಹೊಸ್ತಿಲಿನ ಕೆಳಗೆ ಬ್ಯಾಕ್ಟೀರಿಯಾ ಬದುಕುತ್ತದೆ, ಮೇಲೆ ಸಾಯುತ್ತದೆ. ಅರೆಬರೆ ಪ್ರಮಾಣದಲ್ಲಿ ಔಷಧಿ ಕೊಡುವುದು ಏಕೆ ಕೆಟ್ಟದ್ದು ಎಂಬುದಕ್ಕೆ ಇಲ್ಲೇ ಒಂದು ಕಾರಣ ಸಿಗುತ್ತದೆ.

ಸೋಲುವುದು ಹೇಗೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಪೂರ್ತಿ ಒಮ್ಮತವಿಲ್ಲ. ಒಂದು ವಾದದಂತೆ ಸುರುಳಿಗಳು ಎದ್ದು ನಿಂತು, ಪೀಪಾಯಿಗೆ ಹಲಗೆ ಜೋಡಿಸಿದ ಹಾಗೆ ವೃತ್ತಾಕಾರದಲ್ಲಿ ಸೇರಿ ನಡುವೆ ಕೊಳವೆ ಮಾಡುತ್ತವೆ. ಅಲಮೆಥಿಸಿನ್ ಎಂಬ ಶಿಲೀಂಧ್ರದ ಪೆಪ್ಟೈಡ್ ಹೀಗೆ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಂ ದಶಕಗಳ ಹಿಂದೆ ಅಧ್ಯಯನ ಮಾಡಿದ ಪೆಪ್ಟೈಡುಗಳಲ್ಲಿ ಇದೂ ಒಂದು. ಇನ್ನೊಂದು ವಾದದಂತೆ ಸುರುಳಿಯ ಜೊತೆ ಪೊರೆಯೇ ಒಳಕ್ಕೆ ಬಾಗಿ, ಉದ್ದಿನ ವಡೆಯ ತೂತಿನ ಅಂಚಿನಂತೆ ಮಡಚಿಕೊಳ್ಳುತ್ತದೆ. ಮ್ಯಾಗೈನಿನ್ ಮತ್ತು ಜೇನುನೊಣದ ವಿಷದಲ್ಲಿರುವ ಮೆಲಿಟಿನ್ ಈ ಬಗೆಯವು. ಮೂರನೆಯ ವಾದದಲ್ಲಿ ಕೊಳವೆಯೇ ಇಲ್ಲ. ಪೆಪ್ಟೈಡುಗಳು ಪೊರೆಯ ಮೇಲೆ ಜಮಖಾನೆ ಹಾಸಿದಂತೆ ಹರಡಿ, ಅಂಟುವಾಳದ ನೊರೆ ಎಣ್ಣೆಯ ಜಿಡ್ಡನ್ನು ಎತ್ತುವಂತೆ ಪೊರೆಯನ್ನು ಚೂರುಚೂರಾಗಿ ಎತ್ತಿಕೊಂಡು ಹೋಗುತ್ತವೆ. ನನಗನ್ನಿಸುವಂತೆ ಈ ಮೂರನ್ನು ಎದುರಾಳಿ ವಾದಗಳೆಂದು ನೋಡುವ ಅಗತ್ಯವಿಲ್ಲ. ಪೆಪ್ಟೈಡ್ ಯಾವುದು, ಎಷ್ಟಿದೆ, ಪೊರೆಯಲ್ಲಿ ಯಾವ ಕೊಬ್ಬು ಎಷ್ಟಿದೆ ಎಂಬುದರ ಮೇಲೆ ಬಗೆ ಬದಲಾಗುತ್ತದೆ.

ಬೀಗಕ್ಕೆ ಕೀಲಿ ಹೊಂದುವ ಹಾಗೆ ಇವು ಒಂದು ನಿರ್ದಿಷ್ಟ ಗುರಿಗೆ ಹೊಂದಬೇಕಿಲ್ಲ ಎಂಬುದನ್ನು ತೋರಿಸಿದ ಸೊಗಸಾದ ಪ್ರಯೋಗವೊಂದಿದೆ. ಅಮೈನೋ ಆಮ್ಲಗಳಿಗೆ ಎಡಗೈ ಬಲಗೈಗಳಂತೆ ಎರಡು ರೂಪ, ಒಂದು ಇನ್ನೊಂದರ ಕನ್ನಡಿ ಬಿಂಬ. ಜೀವಿಗಳು ಪ್ರೋಟೀನಿಗೆ ಬಳಸುವುದು ಒಂದನ್ನೇ. 1990ರಲ್ಲಿ ಸೆಕ್ರೊಪಿನ್, ಮ್ಯಾಗೈನಿನ್‌ಗಳನ್ನು ಇನ್ನೊಂದು ರೂಪದಲ್ಲಿ ತಯಾರಿಸಿ ನೋಡಿದರು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಿಡಿಸುವುದಿಲ್ಲ. ಗುರಿ ಒಂದು ಪ್ರೋಟೀನಾಗಿದ್ದರೆ ಈ ಬಿಂಬ ಕೆಲಸ ಮಾಡಬಾರದಿತ್ತು. ಆದರೆ ಬ್ಯಾಕ್ಟೀರಿಯಾ ಎಂದಿನಂತೆಯೇ ಸತ್ತವು. ಪೊರೆಯ ಆವೇಶ ಮತ್ತು ಕೊಬ್ಬೇ ಗುರಿ ಎಂಬುದು ಗಟ್ಟಿಯಾಯಿತು.

ಎಲ್ಲವೂ ಹೀಗೇ ಎಂದಲ್ಲ. ಹಾಲು ಹುಳಿಯಾಗಿಸುವ ಲ್ಯಾಕ್ಟೊಕಾಕಸ್ ಬ್ಯಾಕ್ಟೀರಿಯಾದ ಕೆಲವು ತಳಿಗಳು ತಯಾರಿಸುವ ನಿಸಿನ್, ಗೋಡೆ ಕಟ್ಟಲು ಬೇಕಾದ ಲಿಪಿಡ್-2 ಎಂಬ ಅಣುವನ್ನು ಹಿಡಿದುಕೊಂಡು ಅದನ್ನೇ ಆಸರೆ ಮಾಡಿ ತೂತು ಕೊರೆಯುತ್ತದೆ. ಹಾಗಾಗಿ ಅತ್ಯಲ್ಪ ಪ್ರಮಾಣವೇ ಸಾಕು. ಹಸುವಿನ ಬಿಳಿ ರಕ್ತಕಣದಲ್ಲಿರುವ ಬ್ಯಾಕ್-7 ಪೊರೆಗೆ ಹೆಚ್ಚು ಹಾನಿ ಮಾಡದೆ ಒಳಗೆ ನುಸುಳಿ ಪ್ರೋಟೀನು ತಯಾರಿಸುವ ರೈಬೊಸೋಮನ್ನು ನಿಲ್ಲಿಸುತ್ತದೆ.

ಒಗ್ಗಿಕೊಳ್ಳಲಾರವು ಎಂಬ ಮಾತಿಗೆ ಬಂದ ಸವಾಲು

ಸುದ್ದಿಗಳು ಹೆಚ್ಚು ಎತ್ತಿ ಹೇಳುವ ವಾದ ಹುಟ್ಟಿದ್ದು ಇಲ್ಲಿಂದಲೇ. ಒಂದು ಪ್ರೋಟೀನನ್ನು ಗುರಿಯಾಗಿಸಿದ ಔಷಧಿಯಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾಕ್ಕೆ ವಂಶವಾಹಿಯ ಒಂದು ಅಕ್ಷರ ಬದಲಾದರೂ ಸಾಕು. ಆದರೆ ಇಡೀ ಪೊರೆಯನ್ನೇ ಬದಲಿಸಿಕೊಂಡು ಬದುಕುವುದು ಸುಲಭವಲ್ಲ. ಕೋಟ್ಯಂತರ ವರ್ಷ ಈ ಪೆಪ್ಟೈಡುಗಳು ಕೆಲಸ ಮಾಡುತ್ತಾ ಬಂದಿರುವುದೇ ಇದಕ್ಕೆ ಸಾಕ್ಷಿ ಎಂದು ಝಾಸ್ಲಾಫ್ ಸೇರಿದಂತೆ ಹಲವರು ಹೇಳಿದರು.

ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ವಿಕಾಸ ವಿಜ್ಞಾನಿ ಗ್ರಹಾಂ ಬೆಲ್ ಇದನ್ನು ಒಪ್ಪಲಿಲ್ಲ. ಒಂದೇ ಪೆಪ್ಟೈಡನ್ನು ಔಷಧಿಯಾಗಿ ಎಲ್ಲೆಡೆ ಸುರಿದರೆ ಬ್ಯಾಕ್ಟೀರಿಯಾ ಅದಕ್ಕೂ ಒಗ್ಗುತ್ತದೆ, ಆಗ ಅದು ನಮ್ಮ ದೇಹದ ಸ್ವಂತ ಪೆಪ್ಟೈಡುಗಳಿಗೂ ಬಗ್ಗದ ಬ್ಯಾಕ್ಟೀರಿಯಾ ಆಗಬಹುದು ಎಂದು ಅವರೂ ಪಿಯೆರ್-ಆನ್ರಿ ಗುಯಾನ್ ಅವರೂ 2003ರಲ್ಲಿ ಎಚ್ಚರಿಸಿದರು. ಮುಂದೆ ಝಾಸ್ಲಾಫ್, ಬೆಲ್ ಇಬ್ಬರ ವಾದವೂ ಒಂದೇ ಪ್ರಯೋಗಾಲಯದ ಮೇಜಿಗೆ ಬಂತು. ಮ್ಯಾಗೈನಿನ್‌ನಿಂದ ರೂಪಿಸಿದ ಪೆಕ್ಸಿಗಾನಾನ್ ಎಂಬ ಪೆಪ್ಟೈಡನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಇ. ಕೊಲಿ ಮತ್ತು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಗಳನ್ನು 600ರಿಂದ 700 ತಲೆಮಾರು ಬೆಳೆಸಿದರು. ಬಹುತೇಕ ಎಲ್ಲ ಸಾಲುಗಳೂ ಒಗ್ಗಿಕೊಂಡವು. 2006ರಲ್ಲಿ ಪ್ರಕಟವಾದ ಆ ಪ್ರಬಂಧದ ಲೇಖಕರಲ್ಲಿ ಝಾಸ್ಲಾಫ್ ಹೆಸರೂ ಇತ್ತು. ತನ್ನ ಮಾತಿಗೆ ಎದುರಾಗಿ ಬಂದ ಫಲಿತಾಂಶಕ್ಕೆ ತಾನೇ ಸಹಿ ಹಾಕುವುದು ವಿಜ್ಞಾನದ ದೊಡ್ಡತನ.

ಪೊರೆಯನ್ನೇ ಬದಲಿಸುವುದು ಕಷ್ಟ ನಿಜ. ಆದರೆ ಬ್ಯಾಕ್ಟೀರಿಯಾ ಪೊರೆ ಬದಲಿಸುವ ಗೋಜಿಗೇ ಹೋಗದೆ ಅದರ ಆವೇಶವನ್ನಷ್ಟೇ ತಗ್ಗಿಸಿಕೊಳ್ಳುತ್ತದೆ. ಸ್ಟೆಫೈಲೊಕಾಕಸ್ ತನ್ನ ಗೋಡೆಗೆ ಅಲನೀನ್ ಎಂಬ ಅಮೈನೋ ಆಮ್ಲವನ್ನೂ ಪೊರೆಯ ಕೊಬ್ಬಿಗೆ ಲೈಸೀನನ್ನೂ ಅಂಟಿಸಿಕೊಂಡು ಋಣಾವೇಶ ಕಡಿಮೆ ಮಾಡಿಕೊಳ್ಳುತ್ತದೆ. ಸೆಳೆತ ಕಡಿಮೆಯಾದರೆ ಪೆಪ್ಟೈಡ್ ಬಂದು ಕೂರುವುದೂ ಕಡಿಮೆ, ಹೊಸ್ತಿಲು ದಾಟುವುದೂ ತಡ.

ಹಾಗಿದ್ದರೆ ಕೋಟ್ಯಂತರ ವರ್ಷ ಇವು ಉಳಿದದ್ದು ಹೇಗೆ? ದೇಹ ಒಂದೇ ಪೆಪ್ಟೈಡನ್ನು ನೆಚ್ಚಿಕೊಳ್ಳುವುದಿಲ್ಲ. ಹಲವು ಬಗೆಯವನ್ನು ಒಟ್ಟಿಗೆ, ಬೇಕಾದ ಜಾಗದಲ್ಲಿ, ಬೇಕಾದಷ್ಟು ಹೊತ್ತು ಮಾತ್ರ ಬಿಡುತ್ತದೆ, ಜೊತೆಗೆ ಬಿಳಿ ರಕ್ತಕಣಗಳೂ ಇರುತ್ತವೆ. ಚೀಲಗಟ್ಟಲೆ ತಯಾರಿಸಿ ತಿಂಗಳುಗಟ್ಟಲೆ ಮೇವಿಗೆ ಬೆರೆಸುವುದು ದೇಹದ ಕ್ರಮವಲ್ಲ.

ಕೊಲಿಸ್ಟಿನ್ ಕಲಿಸಿದ ಪಾಠ

ಮೇವಿಗೆ ಬೆರೆಸಿದ್ದು ಕೊಲಿಸ್ಟಿನ್ನನ್ನು. ಮಣ್ಣಿನ ಬ್ಯಾಕ್ಟೀರಿಯಾದಿಂದ ಜಪಾನಿನಲ್ಲಿ 1949ರ ಹೊತ್ತಿಗೆ ಸಿಕ್ಕ ಇದು 10 ಅಮೈನೋ ಆಮ್ಲಗಳ ಪೆಪ್ಟೈಡ್, ತುದಿಯಲ್ಲೊಂದು ಕೊಬ್ಬಿನ ಬಾಲ. ಐದು ಧನಾವೇಶ ಹೊತ್ತ ಇದು ಇ. ಕೊಲಿಯಂಥವುಗಳ ಹೊರಪೊರೆಗೆ ಹೋಗಿ, ಮೆಗ್ನೀಸಿಯಂ ಕೊಂಡಿಗಳನ್ನು ಎಬ್ಬಿಸಿ, ಬಾಲವನ್ನು ಒಳಗೆ ತೂರಿಸಿ ಪೊರೆ ಒಡೆಯುತ್ತದೆ. ಮೊದಲು ಮನುಷ್ಯರಿಗೆ ಕೊಟ್ಟರು. ಮೂತ್ರಪಿಂಡಕ್ಕೆ, ನರಕ್ಕೆ ಹಾನಿ ಮಾಡುತ್ತದೆಂದು ಕಂಡು 1970ರ ದಶಕದ ನಂತರ ಬದಿಗಿಟ್ಟರು. ಬೇರೆ ಔಷಧಿಗಳೆಲ್ಲ ಸೋಲತೊಡಗಿದ ಮೇಲೆ ತೀವ್ರ ನಿಗಾ ಘಟಕಗಳಲ್ಲಿ ಕೊನೆಯ ಆಸರೆಯಾಗಿ ಮರಳಿ ತಂದರು. ಹೀಗೆ ಆಸ್ಪತ್ರೆ ಅದನ್ನು ಕೊನೆಯ ದಿನಕ್ಕೆಂದು ಕಾದಿರಿಸಿದ್ದಾಗ ಹಲವು ದೇಶಗಳ ಕೋಳಿ, ಹಂದಿ ಸಾಕಣೆಯಲ್ಲಿ ಅದು ಬೇಗ ಮೈ ಕೂಡಲೆಂದು ಕೊಡುವ ಅಗ್ಗದ ಪುಡಿಯಾಗಿತ್ತು. ನಮ್ಮ ದೇಶವೂ ಅವುಗಳಲ್ಲಿ ಒಂದು.

2015ರ ನವೆಂಬರಿನಲ್ಲಿ ಚೀನಾದಿಂದ ಎಂಸಿಆರ್-1 ಎಂಬ ವಂಶವಾಹಿಯ ಸುದ್ದಿ ಬಂತು. ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಅದು ಪತ್ತೆಯಾಗಿತ್ತು. ಅದು ಮಾಡುವ ಕೆಲಸ ಸರಳ. ಹೊರಪೊರೆಯಲ್ಲಿ ಪೆಪ್ಟೈಡ್ ಬಂದು ಕೂರುವ ಋಣಾವೇಶದ ಜಾಗಕ್ಕೆ ಫಾಸ್ಫೋಎಥನಾಲಮೀನ್ ಎಂಬ ಅಣುವನ್ನು ಹಚ್ಚಿ ಆವೇಶವನ್ನು ಮುಚ್ಚುತ್ತದೆ. ಕೊಲಿಸ್ಟಿನ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಇನ್ನೂ ಕೆಟ್ಟ ಸಂಗತಿ ಎಂದರೆ ಈ ವಂಶವಾಹಿ ಇರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯಲ್ಲಿ. ಒಂದು ಬ್ಯಾಕ್ಟೀರಿಯಾ ಆ ಬಳೆಯ ನಕಲನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಕೋಳಿಯ ಕರುಳಿನ ನಿರಪಾಯದ ಇ. ಕೊಲಿಯಿಂದ, ಗೊಬ್ಬರ, ನೀರು, ಕೈಗಳ ಮೂಲಕ, ಆಸ್ಪತ್ರೆಯ ಹಾಸಿಗೆಯಲ್ಲಿರುವವರ ಕ್ಲೆಬ್ಸಿಯೆಲ್ಲಾ ಎಂಬ ರೋಗಾಣುವಿನವರೆಗೂ ಇದು ಸಾಗಬಹುದಾದ ದಾರಿ. ಕೊಟ್ಟಿಗೆಗೂ ಆಸ್ಪತ್ರೆಗೂ ಇರುವ ಸಂಬಂಧ ಇದೇ. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗಳಿಗೆ, ಮೀನುಗಳಿಗೆ ಕೊಲಿಸ್ಟಿನ್ ತಯಾರಿಕೆ, ಮಾರಾಟ, ವಿತರಣೆಯನ್ನು ನಿಷೇಧಿಸಿತು.

ಬೆಲ್ ಅವರ ಎಚ್ಚರಿಕೆಗೆ ಗಟ್ಟಿ ಪುರಾವೆ ಸಿಕ್ಕಿದ್ದು 2023ರಲ್ಲಿ. ಆಕ್ಸ್‌ಫರ್ಡಿನ ಕ್ರೇಗ್ ಮೆಕ್ಲೀನ್ ತಂಡ ಎಂಸಿಆರ್-1 ಇರುವ ಇ. ಕೊಲಿಯನ್ನು ಮನುಷ್ಯ, ಹಂದಿ, ಕೋಳಿಗಳ ದೇಹ ಸ್ವಂತವಾಗಿ ತಯಾರಿಸುವ ಪೆಪ್ಟೈಡುಗಳಿಗೆ ಒಡ್ಡಿ ನೋಡಿತು. ಆ ಬ್ಯಾಕ್ಟೀರಿಯಾ ಅವುಗಳನ್ನೂ ಹೆಚ್ಚು ತಾಳಿಕೊಂಡಿತು. ಮನುಷ್ಯರ ರಕ್ತದ್ರವದಲ್ಲೂ ಹೆಚ್ಚು ಬದುಕಿತು. ಅಂದರೆ ಕೋಳಿಗೆ ಕೊಟ್ಟ ಪುಡಿ ಒಂದು ಔಷಧಿಯನ್ನಷ್ಟೇ ಕೆಡಿಸಲಿಲ್ಲ. ಕೊಲಿಸ್ಟಿನ್ನನ್ನು ಎಂದೂ ಮುಟ್ಟದ ಮಗುವಿನ ಚರ್ಮದ ಕಾವಲನ್ನೂ ದುರ್ಬಲಗೊಳಿಸುವ ದಾರಿ ತೆರೆಯಿತು. ಈ ಇಡೀ ವಿಷಯದಲ್ಲಿ ಸಾರ್ವಜನಿಕರಿಗೆ ತಲುಪಲೇಬೇಕಾದ ಸಂಗತಿ ಒಂದಿದ್ದರೆ ಅದು ಇದು. ಮ್ಯಾಮತ್ ಸುದ್ದಿಗೆ ಸಿಕ್ಕ ಜಾಗದಲ್ಲಿ ಕಾಲು ಪಾಲೂ ಇದಕ್ಕೆ ಸಿಗಲಿಲ್ಲ.

ಔಷಧಿ ಅಂಗಡಿಗೆ ಏಕೆ ಬಂದಿಲ್ಲ?

ಮ್ಯಾಗೈನಿನ್ ಸಿಕ್ಕಿ ಹೆಚ್ಚುಕಡಿಮೆ ನಾಲ್ಕು ದಶಕ. ಪೆಕ್ಸಿಗಾನಾನ್ ಮುಲಾಮನ್ನು ಮಧುಮೇಹಿಗಳ ಕಾಲಿನ ಹುಣ್ಣಿಗೆ ತರಲು ಪ್ರಯತ್ನ ನಡೆಯಿತು. ಇರುವ ಔಷಧಿಗಿಂತ ಮೇಲೇನೂ ಅಲ್ಲ ಎಂದು ಅಮೆರಿಕದ ಔಷಧ ನಿಯಂತ್ರಕರು 1999ರಲ್ಲಿ ಒಪ್ಪಿಗೆ ಕೊಡಲಿಲ್ಲ. ತೊಡಕುಗಳು ಹಲವು. ಬಾಯಲ್ಲಿ ನುಂಗಿದರೆ ಹೊಟ್ಟೆ ಇದನ್ನು ಬೇಳೆಯ ಪ್ರೋಟೀನಿನಂತೆಯೇ ಜೀರ್ಣಿಸಿಬಿಡುತ್ತದೆ. ಸೂಜಿ ಹಾಕಿದರೆ ರಕ್ತದ ಕಿಣ್ವಗಳು ಕತ್ತರಿಸುತ್ತವೆ, ಉಪ್ಪಿನ ಅಯಾನುಗಳು ಆವೇಶದ ಸೆಳೆತವನ್ನು ಮಂಕಾಗಿಸುತ್ತವೆ. ಪ್ರಮಾಣ ಹೆಚ್ಚಿಸಿದರೆ ನಮ್ಮ ಕೆಂಪು ರಕ್ತಕಣಗಳೂ ಒಡೆಯಬಹುದು. ಜೇನಿನ ಮೆಲಿಟಿನ್ ಮಾಡುವುದೇ ಅದನ್ನು. ತಯಾರಿಕೆಯ ಖರ್ಚಂತೂ ಸಾಧಾರಣ ಆ್ಯಂಟಿಬಯಾಟಿಕ್ಕಿನದಕ್ಕಿಂತ ಬಹಳ ಹೆಚ್ಚು.

ಗೆದ್ದವೂ ಇವೆ. ಪೊರೆಯ ಮೇಲೆ ಕೆಲಸ ಮಾಡುವ ಡ್ಯಾಪ್ಟೊಮೈಸಿನ್‌ಗೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿತು, ಇಂದು ಅದು ಆಸ್ಪತ್ರೆಗಳ ಮುಖ್ಯ ಔಷಧಿಗಳಲ್ಲೊಂದು. ಆದರೆ ಅದನ್ನು ನ್ಯುಮೋನಿಯಾಕ್ಕೆ ಕೊಡುವಂತಿಲ್ಲ. ಶ್ವಾಸಕೋಶದ ಒಳಮೈಗೆ ಸವರಿದಂತಿರುವ ಕೊಬ್ಬಿನ ದ್ರವವನ್ನೇ ಪೊರೆ ಎಂದು ಹಿಡಿದುಕೊಂಡು ಅದು ಅಲ್ಲೇ ಸಿಲುಕುತ್ತದೆ. ಮ್ಯಾಮತ್ ಪೆಪ್ಟೈಡುಗಳ ಕಥೆಯೂ ಇಷ್ಟೇ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸೀಸರ್ ಡೆ ಲಾ ಫುವೆಂತೆ ತಂಡ 2024ರಲ್ಲಿ ಪ್ರಕಟಿಸಿದ ಫಲಿತಾಂಶ ಇಲಿಗಳಲ್ಲಿ ಬಂದದ್ದು. ಅದೇ ವರ್ಷ ಅದೇ ತಂಡ ಬೇರೆಯವರ ಜೊತೆ ಸೇರಿ ಕಂಪ್ಯೂಟರಿನ ನೆರವಿನಿಂದ 8 ಲಕ್ಷಕ್ಕೂ ಹೆಚ್ಚು ಸಂಭಾವ್ಯ ಪೆಪ್ಟೈಡುಗಳ ಪಟ್ಟಿ ಮಾಡಿತು. ಹುಡುಕುವ ಕೆಲಸ ವೇಗವಾಗಿದೆ. ಮೇಲೆ ಹೇಳಿದ ತೊಡಕುಗಳು ಇದ್ದಲ್ಲೇ ಇವೆ.

ಇನ್ನೊಂದು ದಾರಿ ಪೆಪ್ಟೈಡಿನ ಗುಣವನ್ನಷ್ಟೇ ಉಳಿಸಿಕೊಂಡು, ಕಿಣ್ವಗಳು ಕತ್ತರಿಸಲಾರದ ಸಣ್ಣ ಅಣುಗಳನ್ನು ಕಟ್ಟುವುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ ವರ್ಷಗಳಿಂದ ಇದರ ಹಿಂದೆ ಬಿದ್ದಿದೆ. ಖರ್ಚಿನ ದೃಷ್ಟಿಯಿಂದ ನಮ್ಮಂಥ ದೇಶಕ್ಕೆ ಇದೇ ಹೆಚ್ಚು ಹೊಂದುವ ದಾರಿ ಎಂದು ನನ್ನ ಅಭಿಪ್ರಾಯ.

ಹಾಸನದ ಕೊಟ್ಟಿಗೆಗೆ ಬಂದರೆ

ಕೆಚ್ಚಲು ಬಾವು ಬಂದ ಹಸುವಿಗೆ ಮೊಲೆಯೊಳಗೆ ಟ್ಯೂಬ್ ಹಾಕುವುದು, ಸೂಜಿ ಹಾಕಿಸುವುದು ಇಲ್ಲಿ ಸಾಮಾನ್ಯ. ಔಷಧಿ ಕೊಟ್ಟ ಮೇಲೆ ಇಷ್ಟು ದಿನ ಹಾಲು ಡೈರಿಗೆ ಹಾಕಬಾರದು ಎಂಬ ನಿಯಮ ಔಷಧಿಯ ಪೊಟ್ಟಣದ ಮೇಲೇ ಇರುತ್ತದೆ. ಎರಡು ಹಸು ಕಟ್ಟಿಕೊಂಡ ಮನೆಗೆ ಆ ದಿನಗಳ ಹಾಲು ಚೆಲ್ಲುವುದು ಎಂದರೆ ವಾರದ ಸಂತೆ ಖರ್ಚು ಚೆಲ್ಲಿದಂತೆ. ನಿಯಮ ಬಿಗಿ ಮಾಡಿ ನಷ್ಟವನ್ನೆಲ್ಲ ರೈತನ ತಲೆಗೆ ಕಟ್ಟಿದರೆ ಹೇಗೆ ಎಂಬ ರೈತರ ಪ್ರಶ್ನೆಗೆ ತೂಕವಿದೆ. ಎದುರು ವಾದಕ್ಕೂ ತೂಕವಿದೆ. ಕಾಯಿಸಿದ ಮಾತ್ರಕ್ಕೆ ಹಾಲಿನಲ್ಲಿ ಉಳಿದ ಆ್ಯಂಟಿಬಯಾಟಿಕ್ ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ, ಹೆಪ್ಪಿನ ಬ್ಯಾಕ್ಟೀರಿಯಾವೇ ಸಾಯುವುದರಿಂದ. ಕೊಲ್ಲಲು ಸಾಲದ, ಆದರೆ ಒಗ್ಗಿಸಲು ಸಾಕಾಗುವ ಆ ಅಲ್ಪ ಪ್ರಮಾಣವೇ ಕುಡಿದವರ ಕರುಳಿಗೂ ಹೋಗುತ್ತದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜನ್ನು ಪಕ್ಕಕ್ಕಿಟ್ಟು ಮಾತಾಡಲು ಬರುವುದಿಲ್ಲ.

ಕೆಚ್ಚಲು ಬಾವಿಗೆ ಔಷಧಿ ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ. ರೋಗ ಬಂದಾಗ ಪಶುವೈದ್ಯರು ಹೇಳಿದ ಔಷಧಿಯನ್ನು ಹೇಳಿದಷ್ಟು ದಿನ ಕೊಡುವುದು ಬೇರೆ, ರೋಗವೇ ಇಲ್ಲದ ಹಿಂಡಿಗೆ ದಿನಾ ಮೇವಿನಲ್ಲಿ ಬೆರೆಸುವುದು ಬೇರೆ. ನಿಯಮದ ಬಾಣ ನೇರವಾಗಿ ತಾಗಬೇಕಾದದ್ದು ಎರಡನೆಯದಕ್ಕೆ. ಮೊದಲನೆಯದಕ್ಕೆ ಬೇಕಾದದ್ದು ನೆರವು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಹಳ್ಳಿಹಳ್ಳಿಯಲ್ಲಿ ಹಾಲಿನ ಸಂಘವಿದೆ. ಬಾವಿನ ಹಾಲನ್ನು ಪರೀಕ್ಷಿಸಿ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿ ತಾಗುತ್ತದೆ ಎಂದು ಬೇಗ ಹೇಳುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲಿ ಸಿಕ್ಕರೆ ಅಂದಾಜಿನ ಮೇಲೆ ಒಂದಾದ ಮೇಲೊಂದು ಟ್ಯೂಬ್ ಬದಲಿಸುವುದು ತಪ್ಪುತ್ತದೆ. ಚೆಲ್ಲಿದ ಹಾಲಿಗೆ ಸಂಘವೇ ಒಂದಷ್ಟು ಪರಿಹಾರ ಕೊಟ್ಟರೆ ಮುಚ್ಚಿಡುವ ಆಸೆಯೂ ಕಡಿಮೆಯಾಗುತ್ತದೆ.

ಪೆಪ್ಟೈಡುಗಳೂ ಇಲ್ಲಿ ಸಣ್ಣದಾಗಿ ಕಾಲಿಟ್ಟಿವೆ. ಕರೆಯುವ ಮೊದಲು ಮೊಲೆ ಒರೆಸಲು ನಿಸಿನ್ ಬೆರೆಸಿದ ಬಟ್ಟೆಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದವು. ಚೀಸ್ ಕೆಡದಂತೆ ನಿಸಿನ್ ಹಾಕುವುದು ಹಲವು ದೇಶಗಳಲ್ಲಿ ಹಳೆಯ ರೂಢಿ. ಚರ್ಮದ ಮೇಲೆ ಹಚ್ಚುವ, ಒರೆಸುವ ಕೆಲಸಗಳಲ್ಲಿ ಪೆಪ್ಟೈಡುಗಳು ಮೊದಲು ನೆಲೆಯೂರುವ ಸಾಧ್ಯತೆ ಹೆಚ್ಚು, ಏಕೆಂದರೆ ಅಲ್ಲಿ ರಕ್ತದ ಕಿಣ್ವಗಳ ಕಾಟವಿಲ್ಲ. ಆದರೆ ಹೊಸದೊಂದು ಅಗ್ಗವಾಗಿ ಬಂದ ದಿನ ಅದನ್ನೂ ಮೇವಿಗೆ ಬೆರೆಸುವ ಆಮಿಷ ಹುಟ್ಟುತ್ತದೆ. ಅದಕ್ಕೆ ಈಗಿನಿಂದಲೇ ನಿಯಮ ಬೇಕು, ಏಕೆಂದರೆ ಈ ಸಲ ಪಣಕ್ಕಿರುವುದು ದೇಹದ ಸ್ವಂತ ಕಾವಲು.

ನಿಷೇಧದಿಂದ ನಿಜವಾಗಿ ಏನಾದರೂ ಆಗುತ್ತದೆಯೇ ಎಂದು ಕೇಳುವವರಿಗೆ ಎಂಸಿಆರ್-1 ಮೊದಲು ಕಂಡ ಚೀನಾದಲ್ಲೇ ಉತ್ತರವಿದೆ. ಅಲ್ಲಿ 2017ರಲ್ಲಿ ಮೇವಿಗೆ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿದರು. ಆವೇಶ ಮುಚ್ಚಿಕೊಂಡ ಪೊರೆ ಬ್ಯಾಕ್ಟೀರಿಯಾಕ್ಕೂ ಹೊರೆಯೇ, ಔಷಧಿಯ ಒತ್ತಡ ಇಲ್ಲದಿದ್ದರೆ ಆ ಹೊರೆ ಹೊತ್ತವು ಓಟದಲ್ಲಿ ಹಿಂದೆ ಬೀಳುತ್ತವೆ. ಕೋಳಿ, ಹಂದಿಗಳಲ್ಲಿ ಕೊಲಿಸ್ಟಿನ್‌ಗೆ ಬಗ್ಗದ ಇ. ಕೊಲಿಯ ಪಾಲು ಎರಡೇ ವರ್ಷಗಳಲ್ಲಿ ಗಣನೀಯವಾಗಿ ಇಳಿಯಿತು. ಪರೀಕ್ಷಿಸಿದ ಜನರಲ್ಲಿ ಎಂಸಿಆರ್-1 ಹೊತ್ತವರು 2016ರಲ್ಲಿ ನೂರಕ್ಕೆ ಸುಮಾರು 14 ಇದ್ದದ್ದು 2019ರ ಹೊತ್ತಿಗೆ ಸುಮಾರು 6ಕ್ಕೆ ಬಂದಿತ್ತು.